ಕ್ವಾಂಟಮ್ ಭೌತವಿಜ್ಞಾನ ಮತ್ತು ವೀಕ್ಷಣೆಯ ಹಂಗಿಲ್ಲದ ವಾಸ್ತವ

ಯಾರೂ ನೋಡದಿದ್ದಾಗ, ಯಾವ ಉಪಕರಣವೂ ಅಳೆಯದಿದ್ದಾಗ ವಸ್ತುವಿಗೆ ತನ್ನದೇ ಆದ ನಿಶ್ಚಿತ ಗುಣಗಳು ಇರುತ್ತವೆಯೇ ಎಂಬುದು ಕ್ವಾಂಟಮ್ ಭೌತವಿಜ್ಞಾನದ ತಳಹದಿಯನ್ನೇ ಮುಟ್ಟುವ ಪ್ರಶ್ನೆ. ಇರುತ್ತವೆ ಎನ್ನುವ ನಿಲುವಿಗೆ ವಾಸ್ತವವಾದ ಎಂದು ಹೆಸರು. ನ್ಯೂಟನ್ ಕಟ್ಟಿಕೊಟ್ಟ ಯಂತ್ರಶಾಸ್ತ್ರದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಗ್ರಹಕ್ಕೆ ಪ್ರತಿಕ್ಷಣವೂ ಒಂದು ಸ್ಥಾನ, ಒಂದು ವೇಗ ಇದ್ದೇ ಇರುತ್ತದೆ. ದೂರದರ್ಶಕ ಅದನ್ನು ತಿಳಿಸಿಕೊಡುತ್ತದೆ, ಅಷ್ಟೆ. 1925ರಿಂದ 1927ರ ಅವಧಿಯಲ್ಲಿ ರೂಪುಗೊಂಡ ಕ್ವಾಂಟಮ್ ಯಂತ್ರಶಾಸ್ತ್ರ ಈ ನೆಮ್ಮದಿಯನ್ನು ಕದಡಿತು. ಅಳತೆಯಲ್ಲಿ ಯಾವ ಫಲಿತಾಂಶ ಎಷ್ಟು ಸಲ ಬರುತ್ತದೆ ಎಂಬುದನ್ನು ಅದರ ಸಮೀಕರಣಗಳು ಬೆರಗಾಗುವಷ್ಟು ನಿಖರವಾಗಿ ಹೇಳುತ್ತವೆ. ಅಳತೆಗೆ ಮೊದಲು ಅಲ್ಲಿ ಏನಿತ್ತು ಎಂದು ಕೇಳಿದರೆ ಮಾತ್ರ ಭೌತವಿಜ್ಞಾನಿಗಳು ಇಂದಿಗೂ ಒಂದೇ ಉತ್ತರ ಕೊಡುವುದಿಲ್ಲ.

ಈ ಚರ್ಚೆಯಲ್ಲಿ ಹಲವು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಅಳೆಯುವ ಮುನ್ನವೇ ಗುಣದ ಬೆಲೆ ನಿಗದಿಯಾಗಿತ್ತೇ ಎಂಬುದು ಒಂದು. ಇಲ್ಲಿ ನಡೆದ ಅಳತೆ ದೂರದ ವಸ್ತುವಿಗೆ ತಟ್ಟುತ್ತದೆಯೇ ಎಂಬುದು ಇನ್ನೊಂದು. ಸಿದ್ಧಾಂತದ ನಡುವೆ ಕುಳಿತಿರುವ ತರಂಗ ಫಲನ ಎಂಬ ಗಣಿತದ ರಚನೆ ಜಗತ್ತಿನ ಚಿತ್ರವೋ ನಮ್ಮ ತಿಳಿವಿನ ಲೆಕ್ಕವೋ ಎಂಬುದು ಮತ್ತೊಂದು. ಒಬ್ಬ ವೀಕ್ಷಕನ ಪಾಲಿಗೆ ನಡೆದ ಘಟನೆ ಎಲ್ಲರ ಪಾಲಿಗೂ ನಡೆದದ್ದೇ ಎಂಬುದು ಇತ್ತೀಚೆಗೆ ಮುನ್ನೆಲೆಗೆ ಬಂದದ್ದು. ಇವುಗಳನ್ನು ಬಿಡಿಸಿ ಬೇರ್ಪಡಿಸಿದ್ದು, ಅವುಗಳಲ್ಲಿ ಕೆಲವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವಂತೆ ಮಾಡಿದ್ದು ಕಳೆದ ಒಂದು ಶತಮಾನದ ನಿಜವಾದ ಸಾಧನೆ.

ಎರಡು ದಾರಿಗಳ ಪ್ರಯೋಗ

ಸಮಸ್ಯೆಯ ಮೂಲರೂಪ ಕಾಣುವುದು ಎರಡು ಸೀಳುಗಳ ಪ್ರಯೋಗದಲ್ಲಿ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ, ಎರಡು ದಾರಿಗಳು ತೆರೆದಿರುವ ತಡೆಯತ್ತ ಬಿಟ್ಟರೆ ಪ್ರತಿಯೊಂದೂ ಪರದೆಯ ಮೇಲೆ ಒಂದು ಚುಕ್ಕೆಯನ್ನು ಮಾತ್ರ ಮೂಡಿಸುತ್ತದೆ. ಸಾವಿರಾರು ಚುಕ್ಕೆಗಳು ಸೇರುತ್ತ ಹೋದಂತೆ ಅಲೆಗಳಿಗಷ್ಟೇ ಸಾಧ್ಯವಾದ ವ್ಯತಿಕರಣದ ಪಟ್ಟೆಗಳು ಎದ್ದುಬರುತ್ತವೆ. ಜಪಾನಿನ ಹಿಟಾಚಿ ಸಂಸ್ಥೆಯಲ್ಲಿ ಅಕಿರಾ ಟೊನೊಮುರಾ ಮತ್ತು ಸಂಗಡಿಗರು ಇದನ್ನು 1989ರಲ್ಲಿ ಹಂತಹಂತವಾಗಿ ಚಿತ್ರೀಕರಿಸಿ ತೋರಿಸಿದರು. ಒಂದು ಹೊತ್ತಿಗೆ ಒಂದೇ ಎಲೆಕ್ಟ್ರಾನ್ ಸಾಗುತ್ತಿದ್ದರೂ ಎರಡೂ ದಾರಿಗಳು ತೆರೆದಿದ್ದುದರ ಪರಿಣಾಮ ಅದರ ಮೇಲಾಗಿತ್ತು. ಯಾವ ದಾರಿಯಲ್ಲಿ ಹೋಯಿತೆಂದು ಗುರುತಿಸುವ ವ್ಯವಸ್ಥೆಯನ್ನು ಸೇರಿಸಿದರೆ ಪಟ್ಟೆಗಳು ಅಳಿಸಿಹೋಗುತ್ತವೆ.

ನೋಡಿದ ಮಾತ್ರಕ್ಕೆ ಕಣ ತನ್ನ ನಡತೆ ಬದಲಿಸುತ್ತದೆ ಎಂದು ಜನಪ್ರಿಯ ಬರಹಗಳು ಇದನ್ನು ವಿವರಿಸುವುದುಂಟು. ಆ ವಿವರಣೆ ದಾರಿ ತಪ್ಪಿಸುತ್ತದೆ. ಇಲ್ಲಿ ಮನುಷ್ಯನ ಕಣ್ಣಿಗಾಗಲಿ ಮನಸ್ಸಿಗಾಗಲಿ ಯಾವ ಪಾತ್ರವೂ ಇಲ್ಲ; ಕಣ ಹೋದ ದಾರಿಯ ಸುಳಿವು ಹೊರಗಿನ ಜಗತ್ತಿನಲ್ಲಿ ಎಲ್ಲಾದರೂ ಉಳಿದುಬಿಟ್ಟರೆ ಸಾಕು. ವಿಯೆನ್ನಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. 70 ಇಂಗಾಲದ ಪರಮಾಣುಗಳಿಂದಾದ ಫುಲರೀನ್ ಅಣುಗಳನ್ನು ಲೇಸರ್ ಬೆಳಕಿನಿಂದ ಕಾಯಿಸಿ ವ್ಯತಿಕರಣಕ್ಕೆ ಒಡ್ಡಲಾಯಿತು. ಅಣು ಬಿಸಿಯಾದಷ್ಟೂ ಅದು ಹೊರಸೂಸುವ ಶಾಖದ ಫೋಟಾನುಗಳು, ಎಂದರೆ ಬೆಳಕಿನ ಕಣಗಳು, ಹೆಚ್ಚಿದವು, ಪಟ್ಟೆಗಳು ಮಸುಕಾದವು. ಆ ಫೋಟಾನುಗಳನ್ನು ಯಾರೂ ಹಿಡಿದು ನೋಡಲಿಲ್ಲ. ಅಣು ಎಲ್ಲಿತ್ತೆಂಬ ಸುಳಿವನ್ನು ಅವು ಹೊತ್ತೊಯ್ದದ್ದೇ ಸಾಕಾಯಿತು.

ಬೋರ್ ಮತ್ತು ಐನ್‌ಸ್ಟೈನ್

ವರ್ನರ್ ಹೈಸನ್‌ಬರ್ಗ್ 1925ರಲ್ಲಿ ಕ್ವಾಂಟಮ್ ಯಂತ್ರಶಾಸ್ತ್ರದ ಮೊದಲ ರೂಪವನ್ನು ಕೊಟ್ಟರು. ಕಣ್ಣಿಗೆ ಬೀಳದ ಎಲೆಕ್ಟ್ರಾನ್ ಕಕ್ಷೆಗಳನ್ನು ಕೈಬಿಟ್ಟು ಅಳೆಯಬಲ್ಲ ಪರಿಮಾಣಗಳನ್ನಷ್ಟೇ ಇಟ್ಟುಕೊಳ್ಳುವುದು ಅವರ ಹಟವಾಗಿತ್ತು. ಮರುವರ್ಷ ಎರ್ವಿನ್ ಶ್ರೋಡಿಂಗರ್ ತಮ್ಮ ತರಂಗ ಸಮೀಕರಣವನ್ನು ಪ್ರಕಟಿಸಿದರು. ಆ ಅಲೆ ನಿಜವಾದ ಭೌತಿಕ ಅಲೆಯೆಂದು ಅವರು ಆಶಿಸಿದ್ದರು. ಅದರ ವರ್ಗ ಕಣವು ಸಿಗುವ ಸಂಭಾವ್ಯತೆಯನ್ನಷ್ಟೇ ಸೂಚಿಸುತ್ತದೆ ಎಂಬ ಮ್ಯಾಕ್ಸ್ ಬಾರ್ನ್ ಅವರ ವ್ಯಾಖ್ಯಾನವೇ ನೆಲೆಯೂರಿತು. ಸ್ಥಾನ ಮತ್ತು ಸಂವೇಗ ಎರಡನ್ನೂ ಏಕಕಾಲಕ್ಕೆ ಮನಬಂದಷ್ಟು ನಿಖರವಾಗಿ ನಿಗದಿಪಡಿಸಲಾಗದು ಎಂಬ ಅನಿಶ್ಚಿತತಾ ತತ್ತ್ವ 1927ರದ್ದು. ಅದೇ ವರ್ಷ ಇಟಲಿಯ ಕೋಮೊದಲ್ಲಿ ನೀಲ್ಸ್ ಬೋರ್ ಪೂರಕತೆಯ ತತ್ತ್ವವನ್ನು ಮಂಡಿಸಿದರು: ಅಲೆಯ ಗುಣವನ್ನು ತೋರುವ ಏರ್ಪಾಡು, ಕಣದ ಗುಣವನ್ನು ತೋರುವ ಏರ್ಪಾಡು ಒಂದನ್ನೊಂದು ಹೊರಗಿಡುತ್ತವೆ, ಆದರೂ ವಿವರಣೆಗೆ ಎರಡೂ ಬೇಕು. ಇಡೀ ಪ್ರಯೋಗದ ಏರ್ಪಾಡನ್ನು ಹೇಳದೆ ಪರಮಾಣುವಿನ ಗುಣದ ಬಗ್ಗೆ ಮಾತಾಡುವುದೇ ಅರ್ಥಹೀನ ಎಂಬುದು ಬೋರ್ ಅವರ ನಿಲುವು. ಜಗತ್ತು ಇಲ್ಲವೆಂದು ಅವರು ಎಂದೂ ಹೇಳಲಿಲ್ಲ ಎಂಬುದನ್ನು ಮರೆಯಬಾರದು.

ಆಲ್ಬರ್ಟ್ ಐನ್‌ಸ್ಟೈನ್ ಇದನ್ನು ಒಪ್ಪಲಿಲ್ಲ. ವೀಕ್ಷಕನಿದ್ದರೂ ಇಲ್ಲದಿದ್ದರೂ ಇರುವ ಜಗತ್ತನ್ನು ವಿವರಿಸುವುದೇ ಭೌತವಿಜ್ಞಾನದ ಕೆಲಸ ಎಂಬ ನಂಬಿಕೆ ಅವರದು. 1930ರ ಜುಲೈ 14ರಂದು ಬರ್ಲಿನ್ ಬಳಿಯ ಕಾಪುಟ್‌ನ ತಮ್ಮ ಮನೆಯಲ್ಲಿ ರವೀಂದ್ರನಾಥ ಠಾಕೂರರೊಡನೆ ನಡೆಸಿದ ಸಂಭಾಷಣೆಯಲ್ಲೂ ಇದೇ ವಿಷಯ ಬಂತು. ಸೌಂದರ್ಯಕ್ಕೆ ಮನುಷ್ಯ ಬೇಕೆಂಬುದನ್ನು ಐನ್‌ಸ್ಟೈನ್ ಒಪ್ಪಿದರು. ಸತ್ಯಕ್ಕೂ ಬೇಕೆಂಬ ಠಾಕೂರರ ಮಾತನ್ನು ಒಪ್ಪಲಿಲ್ಲ.

1935ರಲ್ಲಿ ಐನ್‌ಸ್ಟೈನ್, ಬೋರಿಸ್ ಪೊಡೊಲ್ಸ್ಕಿ ಮತ್ತು ನೇಥನ್ ರೋಸೆನ್ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ನಾಲ್ಕು ಪುಟಗಳ ಲೇಖನ ಈ ಭಿನ್ನಾಭಿಪ್ರಾಯಕ್ಕೆ ಖಚಿತವಾದ ರೂಪ ಕೊಟ್ಟಿತು. ಒಂದು ವ್ಯವಸ್ಥೆಯನ್ನು ಮುಟ್ಟದೆಯೇ ಅದರ ಗುಣವೊಂದರ ಬೆಲೆಯನ್ನು ಖಚಿತವಾಗಿ ಮುಂದಾಗಿ ಹೇಳಬಹುದಾದರೆ ಆ ಗುಣ ವಾಸ್ತವದ ಒಂದು ಅಂಶ ಎಂಬುದು ಅವರ ಮಾನದಂಡ. ಪರಸ್ಪರ ಸಂಪರ್ಕಕ್ಕೆ ಬಂದು ದೂರ ಸರಿದ ಎರಡು ಕಣಗಳಲ್ಲಿ ಒಂದನ್ನು ಅಳೆದರೆ ಇನ್ನೊಂದರ ಗುಣ ತಿಳಿದುಬಿಡುತ್ತದೆ. ದೂರದ ಕಣವನ್ನು ಮುಟ್ಟಿಲ್ಲವಾದ್ದರಿಂದ ಅದರ ಗುಣ ಮೊದಲೇ ಇದ್ದಿರಬೇಕು. ಕ್ವಾಂಟಮ್ ಸಿದ್ಧಾಂತ ಅದನ್ನು ಹೇಳುವುದಿಲ್ಲವಾದ್ದರಿಂದ ಸಿದ್ಧಾಂತ ಅಪೂರ್ಣ. ಕೆಲವೇ ತಿಂಗಳಲ್ಲಿ ಬೋರ್ ಅದೇ ಶೀರ್ಷಿಕೆಯಡಿ ಉತ್ತರ ಬರೆದರು. ಅದು ಇಂದಿಗೂ ಓದುಗರನ್ನು ಕಾಡುವಷ್ಟು ಗಹನವಾಗಿದೆ. ಇಂಥ ಕಣಗಳ ನಂಟಿಗೆ ಹೆಣಿಕೆ, ಎಂದರೆ ಎಂಟ್ಯಾಂಗಲ್‌ಮೆಂಟ್, ಎಂಬ ಹೆಸರನ್ನು ಅದೇ ವರ್ಷ ಕೊಟ್ಟವರು ಶ್ರೋಡಿಂಗರ್.

ಬೆಲ್ ಪ್ರಮೇಯ

ಬೋರ್–ಐನ್‌ಸ್ಟೈನ್ ವಾದ ಸುಮಾರು ಮೂವತ್ತು ವರ್ಷ ಬರಿಯ ತತ್ತ್ವದ ಮಾತಾಗಿ ಉಳಿಯಿತು. ಬಹುಪಾಲು ಭೌತವಿಜ್ಞಾನಿಗಳು ಲೆಕ್ಕ ಸರಿಬರುತ್ತಿದೆಯಲ್ಲ ಎಂದು ಸುಮ್ಮನಿದ್ದರು. ಕ್ವಾಂಟಮ್ ಸಿದ್ಧಾಂತ ಹೇಳದ ಮೊದಲೇ ನಿಗದಿಯಾದ ಬೆಲೆಗಳನ್ನು, ಎಂದರೆ ಗುಪ್ತ ಚರಗಳನ್ನು, ಸೇರಿಸಿ ಸಿದ್ಧಾಂತವನ್ನು ಪೂರ್ಣಗೊಳಿಸುವುದು ಅಸಾಧ್ಯವೆಂದು ಜಾನ್ ಫಾನ್ ನಾಯ್ಮನ್ 1932ರಲ್ಲಿ ಕೊಟ್ಟಿದ್ದ ಸಾಧನೆಯೇ ಕೊನೆಯ ಮಾತೆಂದು ಹಲವರು ನಂಬಿದ್ದರು. ಆ ಸಾಧನೆಯ ಲೋಪವನ್ನು ಗ್ರೀಟೆ ಹರ್ಮನ್ ಎಂಬ ಗಣಿತಜ್ಞೆ 1935ರಲ್ಲೇ ತೋರಿಸಿದ್ದರೂ ಯಾರೂ ಗಮನ ಕೊಡಲಿಲ್ಲ. 1952ರಲ್ಲಿ ಡೇವಿಡ್ ಬೋಮ್ ಅಂಥ ಒಂದು ಸಿದ್ಧಾಂತವನ್ನೇ ಕಟ್ಟಿ ತೋರಿಸಿದರು. ಅದರಲ್ಲಿ ಕಣಗಳಿಗೆ ಸದಾ ನಿಶ್ಚಿತ ಸ್ಥಾನವಿದೆ. ಆದರೆ ಒಂದು ಕಣದ ಚಲನೆ ಎಷ್ಟೇ ದೂರದ ಇನ್ನೊಂದು ಕಣದ ಸ್ಥಾನವನ್ನು ಆ ಕ್ಷಣವೇ ಅವಲಂಬಿಸಿರುತ್ತದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಜಿನೀವಾದ ಸರ್ನ್ ಕೇಂದ್ರದಲ್ಲಿ ದುಡಿಯುತ್ತಿದ್ದ ಜಾನ್ ಸ್ಟೂವರ್ಟ್ ಬೆಲ್ ಅವರನ್ನು ಕಾಡಿದ್ದು ಇದೇ. ಈ ದೂರಪ್ರಭಾವವನ್ನು ತಪ್ಪಿಸಲು ಸಾಧ್ಯವೇ? 1964ರಲ್ಲಿ ಅವರು ಕಂಡುಕೊಂಡ ಉತ್ತರ ಆಧುನಿಕ ವಿಜ್ಞಾನದ ಅತ್ಯಂತ ಸುಂದರ ವಾದಗಳಲ್ಲಿ ಒಂದು.

ಒಂದು ಜೊತೆ ಚಪ್ಪಲಿಯನ್ನು ಎರಡು ಪೆಟ್ಟಿಗೆಗಳಲ್ಲಿ ಒಂದೊಂದಾಗಿ ಇಟ್ಟು ಎರಡು ಊರುಗಳಿಗೆ ಕಳಿಸಿದರೆ, ಒಂದೂರಿನಲ್ಲಿ ಎಡಗಾಲಿನದು ಕಂಡ ತಕ್ಷಣ ಇನ್ನೊಂದೂರಿನದು ಬಲಗಾಲಿನದೆಂದು ತಿಳಿಯುತ್ತದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಹೆಣೆದ ಕಣಗಳೂ ಹೀಗೆಯೇ ಇರಬಹುದಲ್ಲ ಎಂಬುದು ಐನ್‌ಸ್ಟೈನ್ ವಾದದ ತಿರುಳು. ಹೀಗಿರಲಾರವು ಎಂಬುದು ಬೆಲ್ ಪ್ರಮೇಯ.

ವಾದವನ್ನು ಮೂರು ಕೋನಗಳ ಲೆಕ್ಕದಿಂದ ತಿಳಿಯಬಹುದು. ಒಂದೇ ಮೂಲದಿಂದ ಹೊರಟ ಹೆಣೆದ ಫೋಟಾನುಗಳ ಜೋಡಿ ಎದುರುಬದುರು ದಿಕ್ಕಿಗೆ ಸಾಗುತ್ತದೆ ಎನ್ನೋಣ. ಎರಡೂ ತುದಿಗಳಲ್ಲಿ ಒಂದೊಂದು ಪೋಲರಾಯ್ಡ್ ಇದೆ. ಅದನ್ನು 0, 60 ಅಥವಾ 120 ಡಿಗ್ರಿಗೆ ತಿರುಗಿಸಿ ಇಡಬಹುದು. ಫೋಟಾನ್ ಅದನ್ನು ದಾಟುತ್ತದೆ, ಇಲ್ಲವೇ ಅಲ್ಲೇ ನಿಲ್ಲುತ್ತದೆ. ಎರಡೂ ಕಡೆ ಒಂದೇ ಕೋನವಿಟ್ಟಾಗ ಎರಡೂ ಫೋಟಾನುಗಳ ಫಲಿತಾಂಶ ಪ್ರತಿಸಲವೂ ಒಂದೇ. ಅವುಗಳ ನಡುವೆ ಯಾವ ಪ್ರಭಾವವೂ ಹಾಯುವುದಿಲ್ಲವಾದರೆ ಹೊರಡುವಾಗಲೇ ಅವು ಮೂರೂ ಕೋನಗಳಿಗೆ ಉತ್ತರವನ್ನು ಹೊತ್ತು ಬಂದಿರಬೇಕು: 0 ಡಿಗ್ರಿಗೆ ದಾಟು, 60 ಡಿಗ್ರಿಗೆ ದಾಟು, 120 ಡಿಗ್ರಿಗೆ ನಿಲ್ಲು ಎಂಬಂತೆ. ಕೋನಗಳು ಮೂರು, ಉತ್ತರದ ಬಗೆಗಳು ಎರಡೇ. ಆದ್ದರಿಂದ ಪ್ರತಿ ಜೋಡಿಯಲ್ಲೂ ಕನಿಷ್ಠ ಎರಡು ಕೋನಗಳ ಉತ್ತರ ಒಂದೇ ಆಗಿರಲೇಬೇಕು. ಎರಡು ಕಡೆ ಬೇರೆ ಬೇರೆ ಕೋನಗಳನ್ನು ಮನಸ್ಸಿಗೆ ಬಂದಂತೆ ಆರಿಸುತ್ತ ಹೋದರೆ ಮೂರರಲ್ಲಿ ಒಂದು ಸಲವಾದರೂ, ಅಂದರೆ ಶೇ. 33.3ಕ್ಕೆ ಕಡಿಮೆಯಿಲ್ಲದಂತೆ, ಫಲಿತಾಂಶಗಳು ಹೊಂದಿಕೊಳ್ಳಬೇಕು. ಕ್ವಾಂಟಮ್ ಲೆಕ್ಕದ ಪ್ರಕಾರ ಅವು ಹೊಂದಿಕೊಳ್ಳುವುದು ಶೇ. 25ರಷ್ಟು ಸಲ ಮಾತ್ರ.

ಮೊದಲೇ ಬರೆದಿಟ್ಟ ಉತ್ತರಗಳ ಯಾವ ಪಟ್ಟಿಯೂ, ಅದು ಎಷ್ಟೇ ಜಾಣತನದ್ದಾಗಿರಲಿ, ಈ ಅಂತರವನ್ನು ತುಂಬಲಾರದು. ಇಂಥ ಮಿತಿಗಳಿಗೆ ಬೆಲ್ ಅಸಮತೆಗಳು ಎಂದು ಹೆಸರು. ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಾಗುವುದು 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೋನಿ ಮತ್ತು ಹೋಲ್ಟ್ ರೂಪಿಸಿದ ಅಸಮತೆ. ಅದರಲ್ಲಿ ಬರುವ ಸಂಖ್ಯೆ ಐನ್‌ಸ್ಟೈನ್ ಬಯಸಿದಂಥ ಜಗತ್ತಿನಲ್ಲಿ 2ನ್ನು ಮೀರಕೂಡದು. ಕ್ವಾಂಟಮ್ ಸಿದ್ಧಾಂತ ಸುಮಾರು 2.83ರವರೆಗೆ ಏರಗೊಡುತ್ತದೆ.

ಪ್ರಯೋಗಗಳ ತೀರ್ಪು

ಬರ್ಕ್ಲಿಯಲ್ಲಿ ಸ್ಟುವರ್ಟ್ ಫ್ರೀಡ್‌ಮನ್ ಮತ್ತು ಜಾನ್ ಕ್ಲೌಸರ್ 1972ರಲ್ಲಿ ನಡೆಸಿದ ಪ್ರಯೋಗದಲ್ಲಿ ಅಸಮತೆ ಮುರಿಯಿತು. ಫ್ರಾನ್ಸಿನ ಓರ್ಸೆಯಲ್ಲಿ ಅಲೈನ್ ಆಸ್ಪೆ ಮತ್ತು ಸಂಗಡಿಗರು 1981–82ರಲ್ಲಿ ಮಾಡಿದ ಪ್ರಯೋಗಗಳು ಇನ್ನೂ ಖಚಿತವಾಗಿದ್ದವು. ಕೊನೆಯದರಲ್ಲಿ ಫೋಟಾನುಗಳು ದಾರಿಯಲ್ಲಿರುವಾಗಲೇ ಅಳತೆಯ ದಿಕ್ಕು ಬದಲಾಗುತ್ತಿತ್ತು. ಆಂಟನ್ ಝೈಲಿಂಗರ್ ಅವರ ತಂಡ 1998ರಲ್ಲಿ ಇನ್ಸ್‌ಬ್ರಕ್‌ನಲ್ಲಿ 400 ಮೀಟರ್ ಅಂತರದಲ್ಲಿ ಇದನ್ನು ಪುನಃ ಸಾಧಿಸಿತು. ಆದರೂ ಒಂದೇ ಪ್ರಯೋಗದಲ್ಲಿ ಒಟ್ಟಿಗೆ ಮುಚ್ಚದ ಎರಡು ಕಿಂಡಿಗಳು ಸಂದೇಹಕ್ಕೆ ಉಳಿದಿದ್ದವು: ಎರಡು ತುದಿಗಳ ನಡುವೆ ಬೆಳಕಿನ ವೇಗದಲ್ಲಿ ಸುಳಿವು ಹಾಯ್ದಿರಬಹುದು, ಅಥವಾ ಉಪಕರಣಗಳಿಗೆ ಸಿಕ್ಕ ಕಣಗಳು ಇಡೀ ಗುಂಪಿನ ಸರಿಯಾದ ಮಾದರಿ ಆಗಿರಲಿಕ್ಕಿಲ್ಲ. ಎರಡನ್ನೂ ಒಟ್ಟಿಗೆ ಮುಚ್ಚಿದ ಪ್ರಯೋಗಗಳು 2015ರಲ್ಲಿ ಬಂದವು. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದ ಎರಡು ವಜ್ರದ ಹರಳುಗಳಲ್ಲಿ ಹಿಡಿದಿಟ್ಟ ಎಲೆಕ್ಟ್ರಾನುಗಳ ಮೇಲೆ 245 ಸಲ ಪರೀಕ್ಷೆ ನಡೆದು 2.42 ಎಂಬ ಸಂಖ್ಯೆ ಸಿಕ್ಕಿತು. ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನಲ್ಲಿ ಫೋಟಾನುಗಳನ್ನು ಬಳಸಿದ ತಂಡಗಳೂ ಅದೇ ವರ್ಷ ಇದೇ ತೀರ್ಮಾನಕ್ಕೆ ಬಂದವು. ಆಸ್ಪೆ, ಕ್ಲೌಸರ್ ಮತ್ತು ಝೈಲಿಂಗರ್ ಅವರಿಗೆ 2022ರ ನೊಬೆಲ್ ಪ್ರಶಸ್ತಿ ಸಂದಿತು. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ಈ ಫಲಿತಾಂಶ ವಾಸ್ತವ ಇಲ್ಲವೆಂದು ತೋರಿಸುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಅದು ಅವಸರದ ಮಾತು. ಬೆಲ್ ಪ್ರಮೇಯದ ಹಿಂದೆ ಹಲವು ಊಹೆಗಳಿವೆ: ಪ್ರಭಾವ ಬೆಳಕಿಗಿಂತ ವೇಗವಾಗಿ ಹಾಯುವುದಿಲ್ಲ (ಇದೇ ಸ್ಥಳೀಯತೆ), ಅಳತೆಯ ದಿಕ್ಕಿನ ಆಯ್ಕೆಗೂ ಕಣಗಳ ಸ್ಥಿತಿಗೂ ಮೊದಲೇ ಒಳಒಪ್ಪಂದವಿಲ್ಲ, ಪ್ರತಿ ಅಳತೆಗೂ ಒಂದೇ ಫಲಿತಾಂಶ. ಇವುಗಳಲ್ಲಿ ಯಾವುದಾದರೂ ಒಂದು ಬಿದ್ದುಹೋಗಬೇಕು ಎಂಬುದಷ್ಟೇ ಸಿದ್ಧವಾದ ವಿಷಯ. ಫಲಿತಾಂಶ ಮೊದಲೇ ನಿಗದಿಯಾಗಿತ್ತು ಎಂಬುದನ್ನು ಬೆಲ್ ಬೇರೆಯದೊಂದು ಊಹೆಯಾಗಿ ಇಟ್ಟುಕೊಳ್ಳಲಿಲ್ಲ; ಅದು ಸ್ಥಳೀಯತೆಯಿಂದಲೇ ಹೊಮ್ಮುತ್ತದೆ ಎಂಬುದು ಅವರ ವಾದ. ಸ್ವತಃ ವಾಸ್ತವವಾದದತ್ತ ಒಲವಿದ್ದ ಅವರು ಸ್ಥಳೀಯತೆಯನ್ನು ಬಿಡಲು ಸಿದ್ಧರಿದ್ದರು. ಹಾಗೆಂದು ಹೆಣೆದ ಕಣಗಳ ಮೂಲಕ ಸಂದೇಶ ಕಳಿಸಲಾಗದು. ಒಂದೊಂದು ತುದಿಯಲ್ಲೂ ಬರಿಯ ಕ್ರಮರಹಿತ ಫಲಿತಾಂಶಗಳು ಕಾಣುತ್ತವೆ. ಎರಡೂ ದಾಖಲೆಗಳನ್ನು ಒಂದೆಡೆ ತಂದು ಹೋಲಿಸಿದಾಗಲೇ ನಂಟು ಗೋಚರಿಸುವುದು. ಆಯ್ಕೆಯ ಸ್ವಾತಂತ್ರ್ಯದ ಊಹೆಯನ್ನೂ ಪರೀಕ್ಷೆಗೆ ಹಚ್ಚಲಾಗಿದೆ: 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 780 ಕೋಟಿ ಮತ್ತು 1,220 ಕೋಟಿ ವರ್ಷಗಳ ಹಿಂದೆ ಹೊರಟ, ಕ್ವೇಸಾರ್ ಎಂಬ ಬಹುದೂರದ ಆಕಾಶಕಾಯಗಳ ಬೆಳಕಿನಿಂದ ಅಳತೆಯ ದಿಕ್ಕನ್ನು ಆರಿಸಲಾಯಿತು. ಒಳಒಪ್ಪಂದ ಇದ್ದದ್ದೇ ಆದರೆ ಅದು ಅಷ್ಟು ಹಿಂದಿನದಾಗಿರಬೇಕು.

ಸ್ಥಳೀಯತೆಯ ಮಾತೇ ಬಾರದ ಇನ್ನೊಂದು ಪ್ರಮೇಯ 1967ರಲ್ಲಿ ಸೈಮನ್ ಕೋಖನ್ ಮತ್ತು ಅರ್ನ್ಸ್ಟ್ ಸ್ಪೆಕರ್ ಅವರಿಂದ ಬಂತು. ಒಂದೇ ವ್ಯವಸ್ಥೆಯ ಎಲ್ಲ ಗುಣಗಳಿಗೂ, ಜೊತೆಯಲ್ಲಿ ಬೇರೇನನ್ನು ಅಳೆಯಲಾಗುತ್ತಿದೆ ಎಂಬುದನ್ನು ಲೆಕ್ಕಿಸದೆ, ಮೊದಲೇ ಬೆಲೆ ಕಟ್ಟಿಡುವುದು ಸಾಧ್ಯವಿಲ್ಲವೆಂದು ಅವರು ತೋರಿಸಿದರು. ಪ್ರಯೋಗದ ಏರ್ಪಾಡನ್ನು ಬಿಟ್ಟು ಗುಣದ ಮಾತಾಡಬಾರದೆಂಬ ಬೋರ್ ಎಚ್ಚರಿಕೆಗೆ ಗಣಿತದ ಬಲ ಸಿಕ್ಕಿದ್ದು ಇಲ್ಲಿ.

ಅಳತೆ ಎಂದರೇನು

ಶ್ರೋಡಿಂಗರ್ ಸಮೀಕರಣದಂತೆ ತರಂಗ ಫಲನ ಎಡೆಬಿಡದೆ, ಸರಾಗವಾಗಿ ಬದಲಾಗುತ್ತ ಹೋಗುತ್ತದೆ. ಅಳತೆಯಾದೊಡನೆ ಮಾತ್ರ ಅದು ಹಲವು ಸಾಧ್ಯತೆಗಳಿಂದ ಒಂದಕ್ಕೆ ಕುಸಿಯುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಉಪಕರಣವೂ ಪರಮಾಣುಗಳಿಂದಲೇ ಆದದ್ದು. ಅದಕ್ಕೇಕೆ ಬೇರೆ ನಿಯಮ? 1935ರಲ್ಲಿ ಶ್ರೋಡಿಂಗರ್ ಮುಂದಿಟ್ಟ ಬೆಕ್ಕಿನ ಕಲ್ಪನೆ ಈ ತೊಡಕನ್ನೇ ಎತ್ತಿ ತೋರಿಸುತ್ತದೆ. ವಿಕಿರಣಶೀಲ ಪರಮಾಣುವಿಗೆ ಜೋಡಿಸಿದ ವಿಷದ ಬಾಟಲಿಯೊಡನೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಬೆಕ್ಕು, ಸಮೀಕರಣವನ್ನು ಅಕ್ಷರಶಃ ನಂಬಿದರೆ, ಸತ್ತ ಮತ್ತು ಬದುಕಿದ ಸ್ಥಿತಿಗಳ ಅಧ್ಯಾರೋಪಣೆಯಲ್ಲಿ, ಎಂದರೆ ಎರಡೂ ಒಟ್ಟಿಗೆ ಬೆರೆತ ಸ್ಥಿತಿಯಲ್ಲಿ, ಇರಬೇಕಾಗುತ್ತದೆ. ಬೆಕ್ಕು ನಿಜಕ್ಕೂ ಹಾಗಿರುತ್ತದೆ ಎಂದು ಅವರು ಹೇಳಲಿಲ್ಲ; ಅದು ಅಸಂಬದ್ಧವೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು.

ಕುಸಿತಕ್ಕೆ ಪ್ರಜ್ಞೆಯೇ ಕಾರಣವಿರಬಹುದೆಂದು ಯೂಜೀನ್ ವಿಗ್ನರ್ 1961ರಲ್ಲಿ ಸೂಚಿಸಿದರು. ಮನಸ್ಸೇ ಜಗತ್ತನ್ನು ಸೃಷ್ಟಿಸುತ್ತದೆ ಎಂದು ಕ್ವಾಂಟಮ್ ಹೆಸರಿನಲ್ಲಿ ಸಾರುವ ಪುಸ್ತಕಗಳು ಈ ಮಾತನ್ನು ಬಿಡದೆ ಹಿಡಿದುಕೊಂಡಿವೆ; ವಿಗ್ನರ್ ಅವರೇ ಮುಂದೆ ಅದನ್ನು ಕೈಬಿಟ್ಟರೆಂಬುದನ್ನು ಅವು ತಿಳಿಸುವುದಿಲ್ಲ. ಭಾರತದಲ್ಲಿ ಇದರ ಜೊತೆಗೆ ಶ್ರೋಡಿಂಗರ್ ಅವರ ವೇದಾಂತಾಸಕ್ತಿಯೂ ಸೇರಿಕೊಳ್ಳುತ್ತದೆ. ಅವರು ಉಪನಿಷತ್ತುಗಳ ಚಿಂತನೆಯನ್ನು ಮನಸಾರೆ ಮೆಚ್ಚಿದ್ದು ನಿಜ. ಭೌತವಿಜ್ಞಾನದಲ್ಲಿ ಮಾತ್ರ ಅವರು ವೀಕ್ಷಕನಿಗೆ ವಿಶೇಷ ಸ್ಥಾನ ಕೊಡುವುದನ್ನು ವಿರೋಧಿಸಿ ಐನ್‌ಸ್ಟೈನ್ ಪಕ್ಷದಲ್ಲೇ ನಿಂತರು. ಎರಡನ್ನೂ ಬೆರೆಸಿದರೆ ವೇದಾಂತಕ್ಕೂ ಭೌತವಿಜ್ಞಾನಕ್ಕೂ ಅನ್ಯಾಯ.

ವಿಗ್ನರ್ ಮನಸ್ಸು ಬದಲಿಸಲು ಕಾರಣವಾದದ್ದು ಡಿಕೋಹಿರೆನ್ಸ್ ಅಧ್ಯಯನ. ಜರ್ಮನಿಯ ಡೀಟರ್ ಝೇ 1970ರಲ್ಲಿ ಆರಂಭಿಸಿದ, ವೊಯ್ಚೆಕ್ ಝುರೆಕ್ 1980ರ ದಶಕದಲ್ಲಿ ಬೆಳೆಸಿದ ಈ ಚಿಂತನೆಯಂತೆ, ದೊಡ್ಡ ವಸ್ತು ತನ್ನ ಸುತ್ತಲ ಗಾಳಿ, ಬೆಳಕು, ಶಾಖದೊಡನೆ ಸದಾ ಹೆಣೆದುಕೊಳ್ಳುತ್ತಿರುತ್ತದೆ. ಅದರ ವ್ಯತಿಕರಣ ಸಾಮರ್ಥ್ಯ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಸೋರಿಹೋಗುತ್ತದೆ. ಬೆಕ್ಕು ಅಧ್ಯಾರೋಪಣೆಯಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಇದು ಸಮರ್ಪಕ ಉತ್ತರ. ಹಲವು ಫಲಿತಾಂಶಗಳಲ್ಲಿ ಒಂದೇ ಏಕೆ ಘಟಿಸಿತು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಕ್ವಾಂಟಮ್ ನಡತೆಗೆ ಗಾತ್ರದ ಮಿತಿ ಇದೆಯೇ ಎಂದು ಪ್ರಯೋಗಗಳು ಹುಡುಕುತ್ತಲೇ ಇವೆ. 60 ಪರಮಾಣುಗಳ ಫುಲರೀನ್ ಅಣುವಿನ ವ್ಯತಿಕರಣ 1999ರಲ್ಲಿ ಕಂಡಿತು. 2019ರ ಹೊತ್ತಿಗೆ ಸುಮಾರು 2,000 ಪರಮಾಣುಗಳ ಅಣುಗಳೂ ಅದನ್ನು ತೋರಿದವು. ವಸ್ತು ಪ್ರತಿಕ್ಷಣವೂ ಒಂದು ನಿಶ್ಚಿತ ಸ್ಥಿತಿಯಲ್ಲೇ ಇರುತ್ತದೆ, ಅದನ್ನು ಕದಡದೆ ಅರಿಯಬಹುದು ಎಂಬ ಎರಡು ಊಹೆಗಳನ್ನು ಪರೀಕ್ಷಿಸಲು ಆಂಟನಿ ಲೆಗೆಟ್ ಮತ್ತು ಅನುಪಮ್ ಗರ್ಗ್ 1985ರಲ್ಲಿ ಇನ್ನೊಂದು ಅಸಮತೆಯನ್ನು ಕೊಟ್ಟರು. ಬೆಲ್ ಅಸಮತೆ ದೂರದ ಎರಡು ಕಣಗಳನ್ನು ಹೋಲಿಸಿದರೆ ಇದು ಒಂದೇ ವಸ್ತುವನ್ನು ಬೇರೆ ಬೇರೆ ಕಾಲಗಳಲ್ಲಿ ಹೋಲಿಸುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ, ಕೋಲ್ಕತ್ತದ ಬೋಸ್ ಸಂಸ್ಥೆಯ ದೀಪಂಕರ್ ಹೋಮ್ ಅವರ ಜೊತೆಗೂಡಿ, ಒಂಟಿ ಫೋಟಾನುಗಳಿಂದ ಈ ಅಸಮತೆಯನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಫೋಟಾನ್ ಒಂದು ದಾರಿಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಇತ್ತೆಂದು ತಿಳಿಯುವ, ಅಂದರೆ ಅದನ್ನು ಮುಟ್ಟದೆಯೇ ಅಳೆಯುವ, ವಿಧಾನವನ್ನು ಅವರು ಬಳಸಿದರು. ಹಿಂದಿನ ಪ್ರಯೋಗಗಳಲ್ಲಿದ್ದ ಕಿಂಡಿಗಳನ್ನು ಮುಚ್ಚಿದ ಮೇಲೂ ಅಸಮತೆ ಮುರಿಯಿತು.

ವ್ಯಾಖ್ಯಾನಗಳು

ಒಂದೇ ಸಮೀಕರಣಕ್ಕೆ ಹಲವು ಲೋಕಚಿತ್ರಗಳು ಹೊಂದುತ್ತವೆ. ಬೋಮ್ ಸಿದ್ಧಾಂತದಲ್ಲಿ ವೀಕ್ಷಣೆಯ ಹಂಗಿಲ್ಲದ ವಾಸ್ತವ ಪೂರ್ತಿಯಾಗಿ ಉಳಿಯುತ್ತದೆ, ಸ್ಥಳೀಯತೆ ಹೋಗುತ್ತದೆ. ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ, ಮುಂದೆ ಬಹುಲೋಕ ಎಂದು ಹೆಸರಾದ ವ್ಯಾಖ್ಯಾನದಲ್ಲಿ ಕುಸಿತವೇ ಇಲ್ಲ. ಎಲ್ಲ ಫಲಿತಾಂಶಗಳೂ ಬೇರೆ ಬೇರೆ ಕವಲುಗಳಲ್ಲಿ ಘಟಿಸುತ್ತವೆ. ಇದೂ ಕಟ್ಟಾ ವಾಸ್ತವವಾದವೇ, ಅದಕ್ಕೆ ತೆರುವ ಬೆಲೆ ದೊಡ್ಡದು. 1986ರಲ್ಲಿ ಗಿರಾರ್ಡಿ, ರಿಮಿನಿ ಮತ್ತು ವೆಬರ್ ಸಮೀಕರಣವನ್ನೇ ತಿದ್ದಿ, ಕುಸಿತ ತಾನಾಗಿಯೇ ಆಗಾಗ ನಡೆಯುತ್ತದೆ ಎಂದರು. ಅಳೆಯಬಹುದಾದ ವ್ಯತ್ಯಾಸಗಳನ್ನು ಮುಂದಾಗಿ ಹೇಳುವುದರಿಂದ ಇದನ್ನು ಬರಿಯ ವ್ಯಾಖ್ಯಾನ ಎನ್ನಲಾಗದು, ಪ್ರತಿಸ್ಪರ್ಧಿ ಸಿದ್ಧಾಂತ ಎನ್ನಬೇಕು. ಈ ಬಗೆಯ ಕುಸಿತ ಸಿದ್ಧಾಂತಗಳ ಕೆಲವು ಸರಳ ರೂಪಗಳಿಗೆ ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಪ್ರಯೋಗಾಲಯದ ಅಳತೆಗಳು ಈಗಾಗಲೇ ಕಡಿವಾಣ ಹಾಕಿವೆ.

ಇನ್ನೊಂದು ತುದಿಯಲ್ಲಿ, ಕಾರ್ಲೊ ರೊವೆಲ್ಲಿ 1996ರಲ್ಲಿ ಮುಂದಿಟ್ಟ ಸಂಬಂಧಾತ್ಮಕ ವ್ಯಾಖ್ಯಾನ ಗುಣಗಳನ್ನು ವಸ್ತು–ವಸ್ತುಗಳ ನಡುವಿನ ಸಂಬಂಧವೆಂದೇ ಕಾಣುತ್ತದೆ. ಯಾವ ವಸ್ತುವಿಗೂ ಒಂಟಿಯಾಗಿ ನಿಶ್ಚಿತ ಸ್ಥಿತಿಯಿಲ್ಲ, ವೀಕ್ಷಕನಾಗಲು ಕಲ್ಲೂ ಸಾಕು. ಕ್ರಿಸ್ಟೊಫರ್ ಫುಕ್ಸ್ ಮತ್ತಿತರರ ಕ್ಯೂಬಿಸಂ ತರಂಗ ಫಲನವನ್ನು ಪ್ರಯೋಗ ಮಾಡುವವರ ನಿರೀಕ್ಷೆಗಳ ಲೆಕ್ಕವೆಂದು ತಿಳಿಯುತ್ತದೆ. ಇಂಥ ನಿಲುವುಗಳಿಗೆ ಒಂದು ಎಲ್ಲೆಯನ್ನು ಹಾಕಿದ್ದು ಪ್ಯೂಸಿ, ಬ್ಯಾರೆಟ್ ಮತ್ತು ರುಡಾಲ್ಫ್ 2012ರಲ್ಲಿ ಪ್ರಕಟಿಸಿದ ಪ್ರಮೇಯ. ಕಣಗಳಿಗೆ ಅವುಗಳದೇ ಆದ ನಿಜಸ್ಥಿತಿ ಉಂಟೆಂದೂ ಬೇರೆ ಬೇರೆಯಾಗಿ ಸಿದ್ಧಪಡಿಸಿದ ಕಣಗಳ ಸ್ಥಿತಿಗಳು ಸ್ವತಂತ್ರವೆಂದೂ ಒಪ್ಪಿದ ಮೇಲೆ, ತರಂಗ ಫಲನವನ್ನು ಆ ನಿಜಸ್ಥಿತಿಯ ಬಗೆಗಿನ ಅರೆಬರೆ ತಿಳಿವು ಎನ್ನಲು ಬರುವುದಿಲ್ಲ. ಕ್ಯೂಬಿಸಂ ಅಂಥ ನಿಜಸ್ಥಿತಿಯನ್ನೇ ಒಪ್ಪದ ಕಾರಣ ಪ್ರಮೇಯದ ಹಿಡಿತಕ್ಕೆ ಸಿಕ್ಕುವುದಿಲ್ಲ.

ವಿಗ್ನರ್ ಗೆಳೆಯ

ಹೊಸ ಶತಮಾನದಲ್ಲಿ ಚರ್ಚೆ ಕಣಗಳ ಗುಣದಿಂದ ವೀಕ್ಷಕರ ಅನುಭವದತ್ತ ಹೊರಳಿದೆ. ಇದರ ಬೇರು ವಿಗ್ನರ್ ಅವರ 1961ರ ಪ್ರಬಂಧದಲ್ಲಿಯೇ ಇದೆ. ಮುಚ್ಚಿದ ಪ್ರಯೋಗಶಾಲೆಯೊಳಗೆ ಗೆಳೆಯನೊಬ್ಬ ಕಣವನ್ನು ಅಳೆದು ಒಂದು ಫಲಿತಾಂಶವನ್ನು ಕಾಣುತ್ತಾನೆ. ಹೊರಗಿರುವ ವಿಗ್ನರ್ ಪಾಲಿಗೆ ಕಣ, ಉಪಕರಣ, ಗೆಳೆಯ ಎಲ್ಲರೂ ಸೇರಿ ಇನ್ನೂ ಅಧ್ಯಾರೋಪಣೆಯಲ್ಲಿದ್ದಾರೆ. ಇಬ್ಬರ ಲೆಕ್ಕವೂ ಸಿದ್ಧಾಂತದ ಪ್ರಕಾರ ಸರಿ. ಹಾಗಾದರೆ ಒಳಗೆ ಏನಾಯಿತು?

ಝ್ಯೂರಿಕ್‌ನ ಡಾನಿಯೇಲಾ ಫ್ರೌಖಿಗರ್ ಮತ್ತು ರೆನಾಟೊ ರೆನ್ನರ್ 2018ರಲ್ಲಿ ಈ ಕಥೆಯನ್ನು ನಾಲ್ವರು ವೀಕ್ಷಕರಿಗೆ ವಿಸ್ತರಿಸಿ, ಎಲ್ಲರೂ ಕ್ವಾಂಟಮ್ ನಿಯಮವನ್ನು ಒಬ್ಬರ ಮೇಲೊಬ್ಬರು ಅನ್ವಯಿಸಿದರೆ ತಮ್ಮ ತಮ್ಮಲ್ಲೇ ವಿರೋಧಕ್ಕೆ ಸಿಲುಕುತ್ತಾರೆಂದು ತೋರಿಸಿದರು. ಎಡಿನ್‌ಬರೊದ ಹೆರಿಯಟ್–ವಾಟ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಆರು ಫೋಟಾನುಗಳನ್ನು ಬಳಸಿ ಇಂಥ ಸನ್ನಿವೇಶದ ಪುಟ್ಟ ಮಾದರಿಯನ್ನು ಕಟ್ಟಿತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹಯೋಗಿಗಳು 2020ರಲ್ಲಿ ಕೊಟ್ಟ ಪ್ರಮೇಯ ಇನ್ನೂ ಹರಿತವಾದದ್ದು. ವೀಕ್ಷಕ ಕಂಡ ಘಟನೆ ಎಲ್ಲರ ಪಾಲಿಗೂ ನಡೆದದ್ದೇ ಎಂಬುದು, ಸ್ಥಳೀಯತೆ ಮತ್ತು ಆಯ್ಕೆಯ ಸ್ವಾತಂತ್ರ್ಯ ಈ ಮೂರೂ ಒಟ್ಟಿಗೆ ನಿಲ್ಲುವುದಾದರೆ ಒಂದು ಅಸಮತೆ ಪಾಲನೆಯಾಗಬೇಕು. ವೀಕ್ಷಕರಿಗೂ ಕ್ವಾಂಟಮ್ ನಿಯಮ ಅನ್ವಯಿಸುವುದಾದರೆ ಅದು ಮುರಿಯುತ್ತದೆ. ಕಣಗಳಿಗೆ ಮೊದಲೇ ನಿಗದಿಯಾದ ಗುಣವಿದೆ ಎಂಬುದು ಇಲ್ಲಿ ಊಹೆಯಾಗಿಯೂ ಬೇಕಿಲ್ಲ, ಊಹೆಗಳಿಂದ ಹೊಮ್ಮುವುದೂ ಇಲ್ಲ; ಆದ್ದರಿಂದ ಇದು ಬೆಲ್ ಪ್ರಮೇಯಕ್ಕಿಂತ ಆಳಕ್ಕೆ ಇಳಿಯುತ್ತದೆ. ಅವರು ನಡೆಸಿದ ಪ್ರಯೋಗದಲ್ಲಿ ಅಸಮತೆ ಮುರಿಯಿತಾದರೂ ಅಲ್ಲಿ ಗೆಳೆಯನ ಪಾತ್ರ ವಹಿಸಿದ್ದು ಫೋಟಾನ್ ಸಾಗುವ ದಾರಿ. ಅದನ್ನು ವೀಕ್ಷಕ ಎನ್ನಲು ಹೆಚ್ಚಿನವರು ಒಪ್ಪುವುದಿಲ್ಲ. ನಿಜವಾದ ಪರೀಕ್ಷೆಗೆ ಬೇಕಾಗುವುದು ಯೋಚಿಸಬಲ್ಲ, ಕಂಡದ್ದನ್ನು ನೆನಪಿಡಬಲ್ಲ, ಆದರೂ ಅಧ್ಯಾರೋಪಣೆಯಲ್ಲಿ ಇಟ್ಟು ಹಿಂದಕ್ಕೆ ತಿರುಗಿಸಬಹುದಾದ ವೀಕ್ಷಕ. ದೊಡ್ಡ ಕ್ವಾಂಟಮ್ ಕಂಪ್ಯೂಟರಿನ ಮೇಲೆ ಓಡುವ ಕೃತಕ ಬುದ್ಧಿಮತ್ತೆ ಆ ಪಾತ್ರ ವಹಿಸಬಹುದೆಂದು ಗ್ರಿಫಿತ್ ತಂಡದವರು ಸೂಚಿಸಿದ್ದಾರೆ. ಅದಕ್ಕೆ ಬೇಕಾದಷ್ಟು ದೊಡ್ಡ, ದೋಷರಹಿತ ಯಂತ್ರ ಇನ್ನೂ ಎಲ್ಲಿಯೂ ತಯಾರಾಗಿಲ್ಲ.